ಕತೆಯ ಅತ್ತೆಗೆ ಹೆಸರಿರಲಿಲ್ಲ

ಮಾವನವರು ಕನ್ನಡಕ ಏರಿಸಿ ಮಾಸಪತ್ರಿಕೆ ಬಿಡಿಸಿದಾಗ ಗಂಗಾಂಬಿಕೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅದರಲ್ಲಿ ತನ್ನ ಕತೆ ಇದೆಯೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಅಂಚೆಯವನು ಕೊಟ್ಟುಹೋದದ್ದನ್ನು ಕದ್ದು ತೆರೆದು, ಕತೆಯ ಕೆಳಗೆ ‘ಓರ್ವ ಸೋದರಿ’ ಎಂಬ ತನ್ನ ಸಹಿ ಕಂಡಾಗ ಕುಣಿಯುವುದೊಂದು ಬಾಕಿ ಇತ್ತು. ಆ ಸಂತೋಷ ಮಧ್ಯಾಹ್ನದವರೆಗೂ ಬಾಳಲಿಲ್ಲ.

ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ರಾಗಿ ಮಂಡಿ ಇಟ್ಟಿದ್ದ ಮಾವ ಚಂದ್ರಶೇಖರಯ್ಯನವರಿಗೆ ಕತೆಯ ಹುಚ್ಚು. ಪತ್ರಿಕೆ ಬಂದ ದಿನ ಮಂಡಿಯನ್ನು ಗುಮಾಸ್ತನಿಗೆ ಬಿಟ್ಟು ಬಂದು, ಪಡಸಾಲೆಯಲ್ಲಿ ಕೂತು, ಹರಾಜು ಕೂಗುವ ದನಿಯಲ್ಲೇ ಓದುವರು. ಕೇಳುವುದು ಹೆಂಡತಿಯ ಹಣೆಬರಹ. ಅಕ್ಷರ ಬಾರದ ಅತ್ತೆ ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತು ಹೂಂಗುಟ್ಟುವರು.

ಕತೆ ಬರೆಯುವಾಗ ಗಂಗಾಂಬಿಕೆ ಪಟ್ಟ ಪಾಡು ಯಾರಿಗೂ ಬೇಡ. ಕತೆಯ ಹೆಂಗಸಿಗೆ ಮೊದಲು ನಂಜಮ್ಮ ಎಂದು ಹೆಸರಿಟ್ಟಳು. ಅದು ಗಂಡನ ಸೋದರತ್ತೆಯ ಹೆಸರು. ಹೊಡೆದುಹಾಕಿ ಪ್ರೇಮಕುಮಾರಿ ಎಂದಳು. ರಾಗಿ ಬೀಸುವ ಹಿರಿಯಳಿಗೆ ಆ ಹೆಸರು ಅಜ್ಜಿಗೆ ಕುಲಾವಿ ತೊಡಿಸಿದಂತೆ ಕಂಡಿತು. ಅದೂ ಅಲ್ಲದೆ, ಹಿರಿಯರನ್ನು ಹೆಸರು ಹಿಡಿದು ‘ಬಂದಳು, ಹೋದಳು’ ಎಂದು ಬರೆಯಲು ಅವಳಿಗೆ ಕೈಯೇ ಏಳಲಿಲ್ಲ. ಕೊನೆಗೆ ‘ಅತ್ತೆ’ ಎಂದಷ್ಟೇ ಬರೆದು, ಮರ್ಯಾದೆ ಉಳಿಯಿತೆಂದು ಹಾಯಾಗಿ, ಹಾಸನದಲ್ಲಿ ನೌಕರಿಯಲ್ಲಿದ್ದ ಗಂಡನ ಕೈಯಲ್ಲಿ ಅಂಚೆಗೆ ಹಾಕಿಸಿದಳು. ಜಾಣೆ! ಯಾವುದೋ ಒಂದು ಹೆಸರು ಇಟ್ಟಿದ್ದರೆ ಅದು ಯಾವುದೋ ಊರಿನ ಕತೆಯಾಗುತ್ತಿತ್ತು. ಅತ್ತೆ ಎಂದದ್ದಕ್ಕೆ ನೆಟ್ಟಗೆ ಈ ಮನೆಯ ಪಡಸಾಲೆಗೇ ಬಂದು ಕೂತಿತು.

ಕತೆಯಲ್ಲಿದ್ದದ್ದೆಲ್ಲ ನಡೆದ ಸಂಗತಿ. ಅತ್ತೆಯ ಅಣ್ಣ, ಅರಕಲಗೂಡಿನ ರುದ್ರಯ್ಯ, ಎರಡು ವರ್ಷದ ಹಿಂದೆ ಪಂಚಾಯಿತಿಯಲ್ಲಿ ಮಾವನವರ ವಿರುದ್ಧ ಸಾಕ್ಷಿ ಹೇಳಿದ್ದ. ಅಂದೇ ಮಾವನವರು ಹೆಂಡತಿಯಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿದರು: ಆ ಅಣ್ಣನ ಮುಖ ನೋಡಿದರೆ ಈ ಮನೆಯ ಹೊಸ್ತಿಲು ನನಗಿಲ್ಲ. ಈಗ ಯುದ್ಧದ ಕಾಲ, ಕೇಳಿದವರಿಗೆ ರಾಗಿ ಸಿಗುತ್ತಿರಲಿಲ್ಲ. ಒಂದು ಸಂತೆಯ ದಿನ ರುದ್ರಯ್ಯ ಹಿತ್ತಲ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತದ್ದನ್ನೂ, ಅತ್ತೆ ಅವನ ಚೀಲಕ್ಕೆ ರಾಗಿ ಸುರಿದು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನೂ ಗಂಗಾಂಬಿಕೆ ಒಬ್ಬಳೇ ನೋಡಿದ್ದಳು. ಅಂದು ಅತ್ತೆಯ ಮೇಲೆ ಉಕ್ಕಿದ ಪ್ರೀತಿಯೇ ಕತೆಯಾಗಿತ್ತು. ಆ ಪ್ರೀತಿ ಈಗ ಅತ್ತೆಯ ಕುತ್ತಿಗೆಗೇ ಬಂದಿತ್ತು.

“‘ಅತ್ತೆ ಹಿತ್ತಲ ಕಡೆ ಕಿವಿಗೊಟ್ಟರು. ಮಾವ ಮಂಡಿಯಿಂದ ಬರಲು ಇನ್ನೂ ಹೊತ್ತಿತ್ತು,’” ಎಂದು ಓದಿದ ಮಾವನವರ ಬೆರಳು ಅಕ್ಷರದ ಮೇಲೆಯೇ ನಿಂತಿತು. “ಇವ್ನೂ ಮಂಡಿಯೋನಾ?”

“ಊರ್ಗೊಂದು ಮಂಡಿ ಐತೆ,” ಅಂದರು ಅತ್ತೆ. ಅವರ ಕೈ ಸುಲಿಯುವುದನ್ನು ಬಿಟ್ಟಿತ್ತು. ಕಣ್ಣು ಬಾಗಿಲ ಕಡೆ ಹೊರಳಿ ಸೊಸೆಯ ಮುಖದ ಮೇಲೆ ನಿಂತಿತು. ಗಂಗಾಂಬಿಕೆ ತಲೆ ತಗ್ಗಿಸಿದಳು. ಅತ್ತೆಗೆ ಅಷ್ಟು ಸಾಕಾಯಿತು.

ಇನ್ನು ನಾಲ್ಕು ಸಾಲು ಹೋದರೆ ಆಣೆ, ಚೀಲ, ಎಲ್ಲವೂ ಬರುತ್ತದೆ. ಕರೆಯದೆ ಎಂದೂ ಮಾವನ ಎದುರು ಬಾರದವಳು ಪಡಸಾಲೆಗೆ ಬಂದೇಬಿಟ್ಟಳು.

“ಮಾವಯ್ಯ, ನಿಮ್ಮ ಕಣ್ಣಲ್ಲಿ ನೀರು ಬತ್ತಾ ಐತೆ. ನಾನು ಓದ್ಲಾ?”

ಪೊರೆ ಬಂದ ಕಣ್ಣು. ನೀರು ಯಾವಾಗಲೂ ಬರುತ್ತಿತ್ತು. “ಓದವ್ವ. ಹೊಳೇನರಸೀಪುರದ ಇಸ್ಕೂಲ್ನಲ್ಲಿ ಸುಮ್ಕೆ ಕಲಿಸವ್ರಾ ನಿಂಗೆ?” ಎಂದು ಪತ್ರಿಕೆ ಕೊಟ್ಟರು.

“‘ಬೆಟ್ಟಮ್ಮ ಮೆಲ್ಲಗೆ ಹಿತ್ತಲ ಬಾಗಿಲು ತೆಗೆದಳು...’”

“ಯಾರವ್ವ ಇವ್ಳು ಬೆಟ್ಟಮ್ಮ? ಇಷ್ಟೊತ್ತು ಅತ್ತೆ ಅತ್ತೆ ಅಂತಿತ್ತಲ್ಲ?”

“ಅವ್ಳೇ ಮಾವಯ್ಯ. ಇಲ್ಲಿಂದಾಚೆಗೆ ಹೆಸರು ಹಾಕವ್ರೆ.”

“ಈ ಬರಿಯೋ ಜನಕ್ಕೆ ತಲೆ ನೆಟ್ಟಗಿರಲ್ಲ ಕಣವ್ವ. ಓದು.”

ಕಣ್ಣು ಒಂದನ್ನು ಕಂಡರೆ ನಾಲಗೆ ಇನ್ನೊಂದನ್ನು ಹೇಳುತ್ತ ಹೋಯಿತು. ರಾಗಿಯನ್ನು ಭತ್ತ ಮಾಡಿದಳು. ಅಣ್ಣನ ಊರನ್ನು ಅರಕಲಗೂಡಿನಿಂದ ಎತ್ತಿ ಘಟ್ಟದ ಕೆಳಕ್ಕೆ ಸಾಗಿಸಿದಳು. ಲಿಂಗದ ಆಣೆಯನ್ನು ದೀಪದ ಆಣೆ ಮಾಡಿದಳು. ಆಣೆಯನ್ನೇ ಬಿಡೋಣವೆಂದರೆ ಕತೆ ನಿಲ್ಲುವುದಿಲ್ಲ. ಆದರೂ ಆಶ್ಚರ್ಯವೆಂದರೆ, ಹೆಸರಿಟ್ಟ ಕೂಡಲೇ ಬೆಟ್ಟಮ್ಮನೆಂಬುವಳು ತನ್ನದೇ ನಡಿಗೆ, ತನ್ನದೇ ಮಾತು ಕಲಿತು ಅವಳ ಬಾಯಲ್ಲಿ ಓಡಾಡತೊಡಗಿದಳು.

“ಕಳ್ಳಿ!” ಮಾವನವರು ತೊಡೆ ತಟ್ಟಿದರು. “ದೀಪ ಮುಟ್ಟಿ ತಪ್ಪಿದೋಳು ಎಂಗ್ಸಾ? ಗಂಡನ ಅನ್ನ ತಿಂದು ಗಂಡನ ಕಣ್ಗೆ ಮಣ್ಣೆರಚೋ ನಾಯಿ! ನನ್ ಮನೇಲಿ ಇಂಥೋಳು ಇದ್ದಿದ್ರೆ ಕುತ್ಗೆ ಹಿಡಿದು ಆಚೆ ನೂಕ್ತಿದ್ದೆ.”

ಗಂಗಾಂಬಿಕೆಗೆ ಹೋದ ಜೀವ ಬಂತು. ಬೈಗುಳವೆಲ್ಲ ಎಲ್ಲಿಯೂ ಇಲ್ಲದವಳ ತಲೆಯ ಮೇಲೆ ಬೀಳುತ್ತಿತ್ತು. ಇನ್ನೊಂದು ಪುಟ ದಾಟಿದರೆ ಪತ್ರಿಕೆಯನ್ನು ಒಲೆಗೆ ಹಾಕಿ ಕೈ ತೊಳೆದುಕೊಳ್ಳಬಹುದು.

“ಗಂಗಾ, ನಿಲ್ಸು,” ಅಂದರು ಅತ್ತೆ.

ಮೊರವನ್ನು ಪಕ್ಕಕ್ಕೆ ಸರಿಸಿದ್ದರು.

“ಆ ಬೆಟ್ಟಮ್ಮ ಯಾರೋ, ಏನೋ. ನನ್ ಬೈಗ್ಳ ಅವ್ಳ್ಯಾಕೆ ತಿನ್ಬೇಕು? ನನ್ ಎಸ್ರು ಆಕಿ ಓದು.”

ಅತ್ತೆಯ ಹೆಸರನ್ನು ಗಂಗಾಂಬಿಕೆ ಒಮ್ಮೆಯೂ ನುಡಿದವಳಲ್ಲ. ಆ ಮನೆಯಲ್ಲಿ ಯಾರೂ ನುಡಿದವರಲ್ಲ. ಗಂಡನಿಗೆ ‘ಇವಳೇ’, ಮಗನಿಗೆ ‘ಅವ್ವ’, ಬೀದಿಗೆ ‘ಮಂಡಿಯವರ ಮನೆಯಾಕೆ’.

“ಬಸವಲಿಂಗಮ್ಮ ಅಂತ ಓದು,” ಅಂದರು ಅತ್ತೆ. “ಮೊದ್ಲಿಂದ ಓದು.”

ಮಾವನವರು ಎದ್ದು ನಿಂತರು. ಮುಖ ಕಪ್ಪಿಟ್ಟಿತ್ತು. “ಎಷ್ಟು ದಿನದಿಂದ ನಡೀತೈತೆ ಇದು?”

“ಕತೇಲೈತೆ, ಕುಂತ್ಕಂಡು ಕೇಳಿ. ಕೇಳಿದ್ಮೇಲೂ ಓಗು ಅಂದ್ರೆ ಓಗ್ತೀನಿ.”

ಅವರು ಕೂರಲೂ ಇಲ್ಲ, ಹೋಗಲೂ ಇಲ್ಲ. ಗಂಗಾಂಬಿಕೆ ಹಾಳೆ ತಿರುವಿ ಮೊದಲ ಸಾಲಿಗೆ ಬಂದಳು.

“‘ಬಸವಲಿಂಗಮ್ಮನಿಗೆ,’” ಎಂದು ಓದಿದಳು, “‘ಒಬ್ಬ ಅಣ್ಣನಿದ್ದ.’”