ಉಪ್ಪಿಲ್ಲದ ಸಾರು

ಆ ಊರಲ್ಲಿ ಸಾವಿಗೂ ಖರ್ಚಿದೆ. ಪೆಟ್ಟಿಗೆಗೆ ಪೇಸೊ ಕೊಡಬೇಕು, ಪೆಟ್ಟಿಗೆಯ ಕೆಳಗಿಡುವ ಮಂಜುಗಡ್ಡೆಗೆ ಕೊಡಬೇಕು, ಬಂದವರ ಕಾಫಿಗೆ, ಶುಂಠಿಗೆ, ಬಾಡಿಗೆ ಕುರ್ಚಿಗೆ ಕೊಡಬೇಕು. ಪುಕ್ಕಟೆ ಸಿಗುವುದು ಉಪ್ಪೊಂದೇ. ಎನೈದಾ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸುತ್ತ ಇದನ್ನೇ ಲೆಕ್ಕ ಹಾಕುತ್ತಿದ್ದಳು. ಲೆಕ್ಕ ನಿಂತರೆ ಕಿಟಕಿಯಾಚೆಯ ಮಾತು ಕಿವಿಗೆ ಬೀಳುತ್ತಿತ್ತು. ಅಲ್ಲಿ ತೀರಿಕೊಂಡ ಅವಳ ಗಂಡ ಎಲಾದಿಯೊನ ಗೆಳೆಯರು ಹೆಣ ಕಾಯುತ್ತ ಡೊಮಿನೊ ಆಡುತ್ತಿದ್ದರು.

"ಬಾಟ್ಲಿ ಪೂರ್ತಿ ನುಂಗಿದ್ನಂತೆ. ರಕ್ತದ ತುಂಬಾ ಆ ಹುಚ್ಚಿನ ಮಾತ್ರೇನೇ ಇತ್ತಂತೆ."

"ಮೆಲ್ಲಗೆ ಮಾತಾಡೋ. ಪಾದ್ರಿ ಕಿವಿಗೆ ಬಿದ್ರೆ ಮಣ್ಣಿಗೂ ಬರಲ್ಲ."

"ನೀನು ಮೊದ್ಲು ಆಟ ಆಡು."

" ಪೆಟ್ಟಿಗೇಲಿರೋನಿಗೆ ಇಲ್ಲದ ಅವಸರ ನಿಂಗ್ಯಾಕೆ?"

ಪಕ್ಕದ ಮನೆಯ ದೊಮಿತಿಲಾ ಸಾರಿನ ರುಚಿ ನೋಡಿ ಮುಖ ಕಿವುಚಿದಳು. "ಏನೇ ಇದು, ಉಪ್ಪಿನಾಗರದೋನ ಮನೇಲಿ ಸಾರಿಗೆ ಉಪ್ಪಿಲ್ವಲ್ಲೇ."

"ಅಭ್ಯಾಸ ತಪ್ಪಿದೆ ಅಕ್ಕ. ಆರೋಗ್ಯ ಶಿಬಿರದಲ್ಲಿ ಇವರಿಗೆ ಬಿ.ಪಿ. ಜಾಸ್ತಿ ಅಂದ್ರಲ್ಲ, ಅವತ್ತಿಂದ ಒಲೆ ಹತ್ರ ಉಪ್ಪೇ ಇಟ್ಟಿಲ್ಲ."

ಬೆಂಚಿನ ಮೇಲೆ ಕೂತಿದ್ದ ಡಾಕ್ಟರ್ ನೂರಿಸ್ ತುಟಿಗೊಯ್ದ ಬಟ್ಟಲನ್ನು ಕೆಳಗಿಟ್ಟರು. "ಪೂರ್ತಿ ಬಿಟ್ರಾ?"

"ಪೂರ್ತಿ, ಡಾಕ್ಟ್ರೇ. ಆಗರದಿಂದ ಬಂದು ಕೈ ನೆಕ್ಕೋರು, ಬೈದು ತೊಳೆಸ್ತಿದ್ದೆ. ಮಗು ಥರ ಅಳೋರು, ಆದ್ರೂ ಉಣ್ಣೋರು."

ನೂರಿಸ್ ಮತ್ತೆ ಬಟ್ಟಲು ಎತ್ತಲಿಲ್ಲ.

*

ಎಲಾದಿಯೊನ ತಲೆ ಕೆಟ್ಟ ವರ್ಷ ಅವನು ತನ್ನ ಆಗರ ಬಿಟ್ಟು ಊರವರ ಆಗರದ ಉಪ್ಪನ್ನೆಲ್ಲ ಬಾಚಿದ್ದ, ಹೇಸರಗತ್ತೆಯನ್ನು ದಾರಿಹೋಕನಿಗೆ ದಾನ ಕೊಟ್ಟಿದ್ದ. ನೂರಿಸ್ ಕೊಟ್ಟ ಮೊದಲ ಮಾತ್ರೆ ಅವನನ್ನು ತಣ್ಣಗೆ ಮಾಡಿತು. ಎಷ್ಟು ತಣ್ಣಗೆಂದರೆ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕೈಯಲ್ಲಿ ಉಪ್ಪು ಬಾಚುವ ಕುಂಟೆ ನಿಲ್ಲುತ್ತಿರಲಿಲ್ಲ.

"ತಲೆ ನೆಟ್ಟಗಾಯ್ತು ಡಾಕ್ಟ್ರೇ, ಕೈ ಹೋಯ್ತು. ಕೈ ಉಳಿಸೋ ಮಾತ್ರೆ ಇಲ್ವಾ?" ಎಂದು ಎಲಾದಿಯೊ ಕೇಳಿದ.

ನೂರಿಸ್ ಔಷಧಿ ಚೀಟಿ ಎಳೆದುಕೊಂಡರು. "ಲಿಥಿಯಂ ಅಂತ ಒಂದಿದೆ. ಒಳ್ಳೇದು, ಆದ್ರೆ ಮುಂಗೋಪಿ. ನೀರು ಚೆನ್ನಾಗಿ ಕುಡೀಬೇಕು, ರಕ್ತ ಪರೀಕ್ಷೆ ತಪ್ಪಿಸ್ಬಾರ್ದು, ಮೈಕೈ ನೋವು ಅಂತ ಸಿಕ್ಕಿದ ಮಾತ್ರೆ ನುಂಗ್ಬಾರ್ದು."

"ನಮ್ಮತ್ತೆಗಿಂತ ಮುಂಗೋಪೀನಾ?" ಎಂದು ಎಲಾದಿಯೊ ಎನೈದಾಳ ಕಡೆ ನೋಡಿದ. ಎಷ್ಟೋ ದಿನಗಳ ಮೇಲೆ ಅವನು ನಕ್ಕದ್ದು ಅಂದೇ.

ಆ ಮಾತ್ರೆ ಅವನ ಕೈಗಳನ್ನು ವಾಪಸು ಕೊಟ್ಟಿತು. ವರ್ಷಗಟ್ಟಲೆ ಅವನು ಉಪ್ಪು ಬಾಚಿದ, ಭಾನುವಾರ ಹೆಂಡತಿಯ ಸೊಂಟ ಹಿಡಿದು ಕುಣಿದ. ಉಪ್ಪಿನ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಮಲಗುವ ದಿಂಬಿಗೂ ಉಪ್ಪು ಮೆತ್ತಿಕೊಳ್ಳುವ ಊರಲ್ಲಿ ಅದನ್ನು ಎತ್ತುವುದಾದರೂ ಯಾರು?

*

ದೊಮಿತಿಲಾ ಕಾಫಿ ತಟ್ಟೆ ಹಿಡಿದು ಹೊರಗೆ ಹೋದಳು. ಎನೈದಾ ಬಾಗಿಲು ಮುಂದೆ ಮಾಡಿದಳು.

"ಬಾಟ್ಲೀಲಿ ಮಾತ್ರೆ ಎಣಿಸ್ದೆ ಡಾಕ್ಟ್ರೇ. ಒಂದೂ ಹೆಚ್ಚು ಹೋಗಿಲ್ಲ. ಊರು ಮಾತ್ರ ಬೇರೆ ಅಂತಿದೆ. ನನ್ನ ಬಿಟ್ಟು ಹೋಗ್ಬೇಕು ಅಂತಾನೇ ಹೋದ್ರಾ? ಏನಿದ್ರೂ ಹೇಳಿ, ತಡ್ಕೋತೀನಿ."

"ಇಲ್ಲ," ಎಂದರು ನೂರಿಸ್. ಅಲ್ಲಿಗೇ ನಿಲ್ಲಿಸಬಹುದಿತ್ತು. ಎನೈದಾ ಕಣ್ಣು ಕೀಳಲಿಲ್ಲ.

"ಹಾಗಾದ್ರೆ ಹೇಗೆ?"

"ಉಪ್ಪು ನಿಂತ್ರೆ ಆ ಔಷಧಿ ಮೈಯಿಂದ ಆಚೆ ಹೋಗಲ್ಲಮ್ಮ. ರಕ್ತದಲ್ಲೇ ಸೇರ್ತಾ ಹೋಗುತ್ತೆ. ದಿನಾ ನುಂಗೋ ಮಾತ್ರೇನೇ ವಿಷ ಆಗುತ್ತೆ. ನಾನು ಹೇಳಬೇಕಿತ್ತು. ಈ ಊರಲ್ಲೂ ಉಪ್ಪು ಬಿಡೋರು ಇರ್ತಾರೆ ಅಂತ ನಂಗೆ ಹೊಳೀಲೇ ಇಲ್ಲ."

"ಈಚೆಗೆ ಅವ್ರ ಕೈ ನಡುಗ್ತಿತ್ತಲ್ಲ, ಅದು?"

"ಅದೇ."

"ಅದು ಬಿ.ಪಿ.ದು ಅಂದ್ಕೊಂಡೆ. ಒಣಮೀನನ್ನೂ ನೆನೆಹಾಕಿ, ಅದರಲ್ಲಿದ್ದ ಉಪ್ಪನ್ನೂ ತೆಗೆದು ಬೇಯಿಸಿ ಹಾಕ್ದೆ."

ನೂರಿಸ್ ಅವಳ ಕೈ ಹಿಡಿಯಲು ಹೋದರು. ಎನೈದಾ ಕೈ ಹಿಂದಕ್ಕೆಳೆದುಕೊಂಡು ಒಲೆ ಆರಿಸಿದಳು.

ಹೊರಗೆ ಆಟ ನಿಂತಿತು. ಆಗರದವರು ತಂತಮ್ಮ ಉಪ್ಪಿನ ಪಾತಿಯಿಂದ ಒಂದೊಂದು ಹಿಡಿ ತಂದು, ಹೆಣ ಹೂಳುವ ಗುಂಡಿಗೆ ಹಾಕಲೆಂದು ಬಾಗಿಲ ಬಳಿಯ ಬುಟ್ಟಿಯಲ್ಲಿ ಸುರಿದಿದ್ದರು. ಪೆಟ್ಟಿಗೆ ಮುಚ್ಚುವವರನ್ನು ತಡೆದು ಎನೈದಾ ಬುಟ್ಟಿಗೆ ಕೈ ಹಾಕಿದಳು. ಅವನು ಬೇಕೆಂದು ಬಿಟ್ಟುಹೋಗಲಿಲ್ಲ ಎಂಬ ಸಮಾಧಾನವೊಂದು ಅವಳಿಗೆ ಸಿಕ್ಕಿತ್ತು. ಅವನನ್ನು ತಾನು ಚೆನ್ನಾಗಿ ನೋಡಿಕೊಂಡೆ ಎಂಬ ಸಮಾಧಾನ ಹೋಗಿತ್ತು.

ಒಂದು ಚಿಟಿಕೆ ಉಪ್ಪನ್ನು ಅವನ ತುಟಿಗಳ ನಡುವೆ ಇಟ್ಟು ಬಾಗಿ ನೋಡುತ್ತ ನಿಂತಳು. ಕಾಳು ಕರಗಲಿಲ್ಲ.