ಶಂಕ್ರವ್ವನ ಹೆಬ್ಬೆರಳಿನ ನರಕೋಶ

ನಾನು ಒಂದು ನರಕೋಶ. ಶಂಕ್ರವ್ವ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಹುಟ್ಟಿದೆ. ನನ್ನ ಮನೆ ಅವಳ ಸೊಂಟದ ಎಲುಬಿನ ಪಕ್ಕದ ಇಕ್ಕಟ್ಟು ಸಂದು. ಅಲ್ಲಿಂದ ನನ್ನ ಎಳೆಯೊಂದು ಬಲಗಾಲಿನ ಹೆಬ್ಬೆರಳವರೆಗೆ ಇಳಿದಿದೆ. ರಕ್ತದ ಕಣಗಳು ಮೈಯೆಲ್ಲ ಸುತ್ತುತ್ತವೆ. ನನಗೆ ಕದಲುವ ಭಾಗ್ಯವಿಲ್ಲ. ಬೆರಳಿಗೆ ತಾಗಿದ್ದನ್ನು ಮೇಲಕ್ಕೆ ತಿಳಿಸುವುದಷ್ಟೇ ನನ್ನ ಕೆಲಸ.

ಹದಿನಾಲ್ಕನೇ ವಯಸ್ಸಿಗೆ ಅವಳು ಇಳಕಲ್ಲಿನ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯಲು ಕೂತಳು. ಕುಣಿಯೊಳಗೆ ಕಾಲಲ್ಲಿ ತುಳಿಯುವ ಹಲಗೆಯನ್ನು ಅವಳು ಕಣ್ಣಿಂದ ನೋಡುತ್ತಿರಲಿಲ್ಲ, ನನ್ನಿಂದಲೇ ತಿಳಿಯುತ್ತಿದ್ದಳು.

ಗಂಡ ಮಲ್ಲೇಶಪ್ಪ ಕಾಮಾಲೆಯಾಗಿ ಸಾಯುವ ಹಾಗಾದಾಗ, ಅವನು ಉಳಿದರೆ ಹಾಲು ಮೊಸರು ಮುಟ್ಟುವುದಿಲ್ಲವೆಂದು ಬನಶಂಕರಿಗೆ ಹರಕೆ ಹೊತ್ತಳು. ಅವನು ಎದ್ದು ಓಡಾಡಿದ. ಮಾಂಸವನ್ನಂತೂ ಎಂದೂ ತಿನ್ನದವಳು, ಏಳು ವರ್ಷ ರೊಟ್ಟಿ, ಪಲ್ಯ, ಚಟ್ನಿಯಲ್ಲೇ ಕಳೆದಳು. ಅವಳ ಹೊಟ್ಟೆ ತುಂಬುತ್ತಿತ್ತು, ನಾನು ಉಪವಾಸ. ನನ್ನ ಎಳೆಗೆ ಸುತ್ತಿದ್ದ ಕೊಬ್ಬಿನ ಹೊದಿಕೆ ಪದರು ಪದರಾಗಿ ಕಳಚಿತು. ಸುದ್ದಿ ದಾರಿಯಲ್ಲೇ ಇಂಗತೊಡಗಿತು. ಇರುವೆ ಹರಿದಂತೆ ಸುಳ್ಳು ಸುದ್ದಿ ಕಳಿಸಿದೆ. ಆಮೇಲೆ ಅದೂ ನಿಂತಿತು. ಕೂಗಲು ದನಿಯಿಲ್ಲ, ಓಡಲು ಜಾಗವಿಲ್ಲ.

ಒಂದು ಮಧ್ಯಾಹ್ನ ಅವಳೂ ಕುಣಿಯಲ್ಲಿ ಸಿಕ್ಕಿಕೊಂಡಳು. ಮೇಲೇಳಬೇಕೆಂದರೆ ಕಾಲು ಎಲ್ಲಿದೆಯೆಂದೇ ತಿಳಿಯಲಿಲ್ಲ. ಮಲ್ಲೇಶಪ್ಪ ರಟ್ಟೆ ಹಿಡಿದು ಎಳೆದ. ಹೆಬ್ಬೆರಳಿಗೆ ಮೊಳೆ ಹೊಕ್ಕಿತ್ತು.

"ಇಷ್ಟು ರಗತ ಸೋರಾಕತ್ತೈತಿ, ನಿನಗ ತಿಳೀಲಿಲ್ಲೇನ?"

"ಇಲ್ರೀ," ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಬಿ ಹನ್ನೆರಡು ಅನ್ನೋ ಜೀವಸತ್ವ ಭಾಳ ಕಡಿಮಿ ಆಗೇತಿ. ಅದಿಲ್ಲಂದ್ರ ನರ ಸಾಯ್ತಾವು. ಇಂಜೆಕ್ಷನ್ ಕೊಡ್ತೀನಿ. ಹಾಲು ಮೊಸರು ಶುರು ಮಾಡ್ರಿ."

"ಹರಕಿ ಮುರದ್ರ ಇವರಿಗೆ ಏನರ ಆದ್ರ?" ಶಂಕ್ರವ್ವ ಅತ್ತಳು.

ಮಲ್ಲೇಶಪ್ಪ ಎಲ್ಲರೆದುರೇ ನೆಲದ ಮೇಲೆ ಕೂತು ಅವಳ ಪಾದ ಹಿಡಿದ. "ನನ್ನ ಜೀವಕ್ಕ ನಿನ್ನ ಕಾಲು ಕೊಟ್ಟಿದ್ದು ಸಾಕು. ದೇವಿಗೆ ನಾ ಉತ್ತರ ಹೇಳ್ತೀನಿ."

ಅವನ ಅಂಗೈ ನನಗೆ ಗೊತ್ತೇ ಆಗಲಿಲ್ಲ. ಅವಳು ಕಣ್ಣಿಂದ ನೋಡಿ ತಿಳಿದಳು.

ಇಂಜೆಕ್ಷನ್ ನಡೆದವು. ಅವನ ಕೈಯಿಂದಲೇ ಮಜ್ಜಿಗೆ ಕುಡಿದಳು. ತಿಂಗಳುಗಳು ಕಳೆದಂತೆ ನನ್ನ ಹೊದಿಕೆ ಮೆಲ್ಲಗೆ ಕೂಡಿತು. ಒಂದು ಮುಂಜಾನೆ ಅವನು ಕಾಲಿಗೆ ಬಿಸಿನೀರು ಹಾಕುತ್ತಿದ್ದಾಗ, "ಸುಡ್ತೈತ್ರೀ!" ಎಂದು ಚೀರಿದಳು. ಅವನು ಚೊಂಬು ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ತ.

ಕಿರುಬೆರಳಿನ ಸುದ್ದಿ ತರುತ್ತಿದ್ದ ನನ್ನ ಗೆಳೆಯ ನರಕೋಶ ಮಾತ್ರ ಏಳಲೇ ಇಲ್ಲ. ಶಂಕ್ರವ್ವ ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಈಗ ಅವಳಿಗೂ ನನಗೂ ವಯಸ್ಸಾಗಿದೆ. ಇದೇ ಸಂದಿನಲ್ಲಿ ನಾನು ಮುಗಿಯುತ್ತೇನೆ, ಗೊತ್ತು. ದಿನಾ ಬೆಳಿಗ್ಗೆ ಅವಳು ಹಾಸಿಗೆಯಿಂದ ಕಾಲಿಳಿಸಿದಾಗ ನೆಲ ತಂಪಾಗಿದೆ ಎಂದು ತಿಳಿಸುತ್ತೇನೆ. ಅವಳು ನಂಬಿ ಎದ್ದು ನಿಲ್ಲುತ್ತಾಳೆ.