ಮೈಕಣ್ಣನ ಸ್ವಂತ ಮಾತು

ನನ್ನ ಗಂಡನ ಕಸುಬು ಊರಿಗೆಲ್ಲ ದನಿ ಬಾಡಿಗೆಗೆ ಕೊಡುವುದು. ಹಳೆಯ ವ್ಯಾನಿನ ನೆತ್ತಿಗೆ ಎರಡು ಧ್ವನಿವರ್ಧಕ ಬಿಗಿದುಕೊಂಡು, ಯಾರು ಏನು ಹೇಳಿಸಿದರೂ ಅದನ್ನು ಬೀದಿ ಬೀದಿಗೆ ಹೇಳಿಕೊಂಡು ಬರುತ್ತಾರೆ. ಸೋಪಿನ ಪುಡಿ, ಸರ್ಕಸ್ಸು, ಕಣ್ಣಿನ ತಪಾಸಣೆ, ನಲ್ಲಿ ನೀರು ಬಾರದ ದಿನ, ಎಲ್ಲವೂ ಅವರ ಬಾಯಿಂದ ಒಂದೇ ಗತ್ತಿನಲ್ಲಿ ಹೊರಡುತ್ತವೆ. ಚುನಾವಣೆಯ ಹೊತ್ತಿಗೆ ಬೆಳಿಗ್ಗೆ ಒಬ್ಬರನ್ನು ಗೆಲ್ಲಿಸಿ ಎಂದು ಬೇಡಿ, ಮನೆಗೆ ಬಂದು ಊಟ ಮಾಡಿ, ಸಂಜೆ ಅವರ ಎದುರಾಳಿಯನ್ನು ಗೆಲ್ಲಿಸಿ ಎಂದು ಅಷ್ಟೇ ಭಕ್ತಿಯಿಂದ ಬೇಡಿದ ಮಹಾನುಭಾವರು ಇವರು. ಊರು ಇವರನ್ನು ಮೈಕಣ್ಣ ಎನ್ನುತ್ತದೆ. ನಾನು 'ರೀ' ಎನ್ನುತ್ತೇನೆ. ಕೇಳಿಸದಿದ್ದರೆ ಇನ್ನೂ ಏನೇನೋ ಎನ್ನುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಸಾಂಕ್ರಾಮಿಕ ರೋಗ ಊರಿಗೆ ಕಾಲಿಟ್ಟ ಮೇಲೆ ನಮ್ಮಿಬ್ಬರಿಗೂ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಬೆಳಿಗ್ಗೆ ಇವರ ವ್ಯಾನು ಪುರಸಭೆಯ ಪರವಾಗಿ 'ಮನೆಯಲ್ಲೇ ಇರಿ, ಗುಂಪು ಸೇರಬೇಡಿ' ಎಂದು ಹೊರಡುತ್ತಿತ್ತು. ಅಂಗಡಿ ತೆರೆಯಲು ಅನುಮತಿಯಿದ್ದ ಹೊತ್ತಿನಲ್ಲಿ ಅದೇ ವ್ಯಾನು ವರ್ತಕರ ಪರವಾಗಿ 'ಬನ್ನಿ ಬನ್ನಿ, ಎಲ್ಲರೂ ಬನ್ನಿ' ಎನ್ನುತ್ತಿತ್ತು. ಒಂದು ದಿನ ಪೆನ್‌ಡ್ರೈವ್ ಅದಲುಬದಲಾಯಿತು. ಲಸಿಕೆಯ ಪ್ರಕಟಣೆ ಕೇಳಿಸಬೇಕಾದ ಆಸ್ಪತ್ರೆಯ ಗೇಟಿನ ಮುಂದೆ ವ್ಯಾನು ನಿಂತು, 'ಮಂಚ, ಹಾಸಿಗೆ, ಬೇಕಾದಷ್ಟು ಸ್ಟಾಕ್ ಇದೆ, ಇಂದೇ ಬನ್ನಿ' ಎಂದು ಪೀಠೋಪಕರಣದ ಅಂಗಡಿಯ ಜಾಹೀರಾತನ್ನು ಒದರತೊಡಗಿತು. ಒಳಗೆ ಒಂದು ಹಾಸಿಗೆಯೂ ಖಾಲಿಯಿಲ್ಲದೆ ನಾವು ವರಾಂಡದಲ್ಲಿ ರೋಗಿಗಳನ್ನು ಮಲಗಿಸುತ್ತಿದ್ದ ದಿನ ಅದು. ಗೇಟಿನ ಬಳಿ ಕಾಯುತ್ತಿದ್ದವರು ವ್ಯಾನಿಗೆ ಮುತ್ತಿಗೆ ಹಾಕಿದರು. ನಮ್ಮ ಹಿರಿಯ ನರ್ಸು ಕೈಗವಸಿನ ಸಮೇತ ಓಡಿಹೋಗಿ ವೈರು ಕಿತ್ತುಹಾಕಿದರು. ನನ್ನ ಗಂಡ ಆಮೇಲೆ ಸುಮಾರು ದಿನ ನನಗೆ ಮುಖ ಕೊಟ್ಟು ಮಾತಾಡಲಿಲ್ಲ.

ಅದು ಹೋಗಲಿ. ಪೆನ್‌ಡ್ರೈವ್ ಸರಿಯಾದ ಮೇಲೆ ಇವರ ಲಸಿಕೆಯ ಪ್ರಕಟಣೆ ಕೇಳಿ ಜನ ಬಂದರು. ಪಕ್ಕದ ಬೀದಿಯ ಟೈಲರ್ ಬಂದ, ಜಗಳಗಂಟಿ ಟೀಚರ್ ಬಂದರು, ಯಾರ ಮಾತನ್ನೂ ಕೇಳದ ಪೋಸ್ಟ್‌ಮ್ಯಾನ್ ಕೂಡ ಬಂದ. ಬಾರದೆ ಉಳಿದವರಲ್ಲಿ ಮೊದಲನೆಯವರು ನಮ್ಮ ಮನೆಯಲ್ಲೇ ಇದ್ದರು. ನನ್ನ ಅತ್ತೆ.

ಅತ್ತೆಗೆ ಉಬ್ಬಸ. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ ಕೇಳಿಸುತ್ತದೆ. ಈ ರೋಗ ಅವರಂಥವರನ್ನೇ ಹುಡುಕಿಕೊಂಡು ಬರುವುದನ್ನು ನಾನು ವಾರ್ಡಿನಲ್ಲಿ ದಿನವೂ ನೋಡುತ್ತಿದ್ದೆ. ಆದರೆ ಮಗನ ದನಿಯನ್ನು ಅದು ಹುಟ್ಟಿದಾಗಿನಿಂದ ಕೇಳಿದ ಏಕೈಕ ವ್ಯಕ್ತಿ ಅವರು. ಅದು ಯಾರು ಕರೆದರೆ ಅವರ ಹಿಂದೆ ಹೋಗುವ ದನಿ ಎಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಇವರು ಪ್ರಯತ್ನ ಮಾಡದೆ ಇರಲಿಲ್ಲ. ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, ತಟ್ಟೆಯ ಅಂಚಿಗೆ ಉಗುರಿನಿಂದ ಟಕ್ ಟಕ್ ಎಂದು ಬಡಿದು, "ಅಮ್ಮಾ, ದಯವಿಟ್ಟು ಗಮನಿಸಿ. ಸುರಕ್ಷಿತ, ಪರಿಣಾಮಕಾರಿ, ಸಂಪೂರ್ಣ ನಂಬಿಕೆಗೆ ಅರ್ಹ" ಎಂದು ಶುರು ಮಾಡಿದರು. ಅತ್ತೆ ಅಡುಗೆಮನೆಯ ಚಾವಣಿಯ ಕಡೆಗೆ ಬೆರಳು ತೋರಿಸಿದರು. ಅಲ್ಲೊಂದು ಗುಳಿ ಇದೆ. ಇದೇ ಮಾತು ಹೇಳಿ ಇವರು ಊರಿಗೆಲ್ಲ ಮಾರಿಸಿದ ಪ್ರೆಶರ್ ಕುಕ್ಕರುಗಳಲ್ಲಿ ಒಂದನ್ನು ಅತ್ತೆಯೂ ಕೊಂಡಿದ್ದರು. ಅದರ ಸೀಟಿ ಮೊದಲನೇ ದಿನವೇ ಹಾರಿಹೋಗಿ ಚಾವಣಿಗೆ ಹೊಡೆದ ಗುರುತು ಅದು.

"ಕುಕ್ಕರು ಬೇರೆ, ಲಸಿಕೆ ಬೇರೆ ಅತ್ತೆ" ಎಂದೆ ನಾನು.

"ದನಿ ಒಂದೇ ಅಲ್ವೇನೇ?" ಎಂದರು.

"ಅವರ ಮಾತು ಬಿಡಿ. ನಾನು ಹೇಳ್ತಿದೀನಿ."

"ನೀನು ಆಸ್ಪತ್ರೆ ಸಂಬಳ ತಗೊಳ್ಳೋಳು. ನೀನು ಹಾಗೇ ಹೇಳ್ಬೇಕು. ನಿನ್ನ ತಪ್ಪಲ್ಲ ಬಿಡು."

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಸಮಾಧಾನವಾಗಿ, ಅಷ್ಟು ಪ್ರೀತಿಯಿಂದ ಬಾಯಿ ಮುಚ್ಚಿಸಿದರೆ ಉತ್ತರ ಕೊಡುವುದಾದರೂ ಹೇಗೆ? ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ.

ಅಷ್ಟರಲ್ಲಿ ಊರಲ್ಲಿ ವಾದ ಬಿಸಿಯೇರಿತ್ತು. ಆಮೇಲೆ ಅಂಗಡಿಗಳನ್ನು ಪೂರ್ತಿ ಮುಚ್ಚಿಸಿದ್ದು ಸರಿಯೋ ತಪ್ಪೋ, ಸೂಜಿ ಕೆಲಸ ಮಾಡುತ್ತದೋ ಇಲ್ಲವೋ, ಆಸ್ಪತ್ರೆಯಲ್ಲಿ ಜಾಗವಿಲ್ಲ ಎನ್ನುವುದು ನಿಜವೋ ನೆಪವೋ, ಎಲ್ಲರ ನಾಲಿಗೆಯಲ್ಲೂ ಇದೇ. ಕೊನೆಗೆ ಪುರಸಭೆಯವರು ಶಾಲೆಯ ಮೈದಾನದಲ್ಲಿ ಬಹಿರಂಗ ಚರ್ಚೆ ಇಟ್ಟರು. ಒಂದು ಕಡೆ ನಮ್ಮ ದೊಡ್ಡ ಡಾಕ್ಟರು, ಇನ್ನೊಂದು ಕಡೆ ವರ್ತಕರ ಸಂಘದ ಅಧ್ಯಕ್ಷರಾದ ಪಾತ್ರೆ ಅಂಗಡಿಯವರು. ಕುರ್ಚಿಗಳನ್ನು ಎಷ್ಟು ದೂರ ದೂರ ಹಾಕಿದ್ದರೆಂದರೆ ಪಕ್ಕದವರ ಜೊತೆ ಪಿಸುಗುಟ್ಟಲೂ ಕೂಗಬೇಕಿತ್ತು. ಮೈಕು ಸಹಜವಾಗಿಯೇ ಇವರದು. ಅತ್ತೆ ಬಹಳ ದಿನದಿಂದ ಹೊಸಿಲು ದಾಟಿರಲಿಲ್ಲ. ಬಯಲು, ಗಾಳಿ ಆಡುತ್ತದೆ, ಮುಖಕ್ಕೆ ಮಾಸ್ಕ್ ಇರಲಿ ಎಂದು ನಾನೇ ಕರೆತಂದೆ. ನಿಜ ಹೇಳಬೇಕೆಂದರೆ, ಡಾಕ್ಟರ ಬಾಯಿಂದ ಕೇಳಿಯಾದರೂ ಮನಸ್ಸು ತಿರುಗಲಿ ಎಂಬ ಆಸೆ ನನ್ನದು. ಮೈದಾನದ ಹಿಂಭಾಗದಲ್ಲಿ ಮರದ ಕೆಳಗೆ ಇವರು ಸಾಮಾನು ಹರಡಿಕೊಂಡಿದ್ದ ಮೇಜಿನ ಪಕ್ಕ ನಾವಿಬ್ಬರೂ ಕೂತೆವು.

ಇವರದೊಂದು ಪದ್ಧತಿ ಇದೆ. ಸಭೆ ಯಾವುದೇ ಇರಲಿ, ವೇದಿಕೆಯ ಮೈಕುಗಳ ಜೊತೆಗೆ ಇನ್ನೊಂದು ಮೈಕನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿರುತ್ತಾರೆ. ಮಾತಾಡುವವರು ಕೈಕೈ ಮಿಲಾಯಿಸುವ ಹಂತಕ್ಕೆ ಬಂದರೆ 'ದಯವಿಟ್ಟು ಎಲ್ಲರೂ ಶಾಂತರಾಗಿರಿ' ಎನ್ನಲು ಅದು. ಹೇಳಿ ಮುಗಿಸಿದ ಕೂಡಲೇ ಆಂಪ್ಲಿಫೈಯರಿನ ಒಂದು ಗುಂಡಿ ಒತ್ತಿ ಅದನ್ನು ಮುಚ್ಚಬೇಕು. ತೆರೆದಿದ್ದರೆ ಗುಂಡಿಯ ಮೇಲೆ ಕೆಂಪು ದೀಪ ಉರಿಯುತ್ತದೆ.

ಮೊದಲು ಪಾತ್ರೆ ಅಂಗಡಿಯವರು ಎದ್ದರು. ಅವರನ್ನು ಸುಮ್ಮನೆ ಬಾಯಿಬಡುಕ ಎಂದುಬಿಡುವ ಹಾಗಿರಲಿಲ್ಲ. "ಬಸ್ಸಿನಲ್ಲಿ ಜನಾನ ಒತ್ತೊತ್ತಾಗಿ ತುಂಬಿಸ್ತೀರಿ. ನನ್ನ ಅಂಗಡೀಲಿ ಮಾತ್ರ ರೋಗ ಬರುತ್ತೆ ಅಂತೀರಿ. ಪಾತ್ರೆ ಕೊಳ್ಳೋಕೆ ಯಾರಾದ್ರೂ ಗುಂಪು ಕಟ್ಕೊಂಡು ಬರ್ತಾರೇನ್ರಿ? ಒಬ್ಬರು ಬಂದು, ಬಾಣಲೆನ ಬಡಿದು ನೋಡಿ, ಬೆಲೆ ಕೇಳಿ, ಬೈದು ಹೋಗ್ತಾರೆ" ಎಂದರು. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರು ತಮ್ಮ ಭಾಮೈದನ ಕಥೆ ತೆಗೆದರು. "ಅವನು ಸೂಜಿ ಹಾಕಿಸ್ಕೊಂಡಿದ್ದ. ಆದ್ರೂ ರೋಗ ಬಂತು. ಮತ್ತೆ ಯಾವ ಸಂಪತ್ತಿಗೆ ಹಾಕಿಸ್ಕೋಬೇಕು?"

ಡಾಕ್ಟರು ಒಳ್ಳೆಯವರು, ಬುದ್ಧಿವಂತರು. ಆದರೆ ಪ್ರಶ್ನೆ ಒಂದು ಗೇಣಿದ್ದರೆ ಉತ್ತರ ಒಂದು ಮಾರು. ಶೇಕಡಾವಾರು, ಪ್ರತಿಕಾಯ, ಅಧ್ಯಯನದ ಮಿತಿ ಎಂದು ಅವರು ಹೇಳುತ್ತಾ ಹೋದ ಹಾಗೆ ಮುಂದಿನ ಸಾಲಿನಲ್ಲಿ ಆಕಳಿಕೆ ಎದ್ದು ಹಿಂದಿನ ಸಾಲಿನವರೆಗೂ ಬಂತು. ಯಾರೋ "ಬರುತ್ತೋ ಬರಲ್ವೋ, ಒಂದು ಮಾತಲ್ಲಿ ಹೇಳಿ" ಎಂದು ಕೂಗಿದರು. ಇನ್ಯಾರೋ ಅವರಿಗೆ ಸುಮ್ಮನಿರಿ ಎಂದರು. ಗಲಾಟೆ ಎದ್ದಿತು. ಇವರು ಜೇಬಿನ ಮೈಕಿಗೆ ಬಾಯಿ ಬಗ್ಗಿಸಿ, "ದಯವಿಟ್ಟು ಎಲ್ಲರೂ ಶಾಂತರಾಗಿರಿ" ಎಂದರು. ಎಲ್ಲರೂ ಶಾಂತರಾದರು.

ಆಗಲೇ ಅತ್ತೆ ಇವರ ತೋಳು ಹಿಡಿದು ಎಳೆದು, "ಆ ಡಾಕ್ಟ್ರು ಏನು ಹೇಳ್ತಿದಾನೋ? ನಂಗೊಂದೂ ತಲೆಗೆ ಹೋಗ್ತಿಲ್ಲ" ಎಂದು ಕೇಳಿದರು. ಇವರು ಅತ್ತೆಯ ಕಡೆ ತಿರುಗಿದರು. ಕೆಂಪು ದೀಪ ಉರಿಯುತ್ತಲೇ ಇತ್ತು.

ನಾನು ಅದನ್ನು ನೋಡಿದೆ. ಕೈ ಚಾಚಿದರೆ ಗುಂಡಿ ಸಿಗುತ್ತಿತ್ತು. ಚಾಚಲಿಲ್ಲ. ಮನೆಯ ಚಾವಣಿಯ ಗುಳಿಯ ಕಥೆಯೂ ಊರಿಗೆ ಗೊತ್ತಾಗಲಿ, ಮಹಾನುಭಾವರಿಗೆ ಸ್ವಲ್ಪ ಬಿಸಿ ತಾಗಲಿ ಎಂದುಕೊಂಡೆ. ಇದನ್ನು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

ಆದರೆ ಇವರು ಗಂಟಲು ಸರಿಮಾಡಿಕೊಳ್ಳಲಿಲ್ಲ. ಉಗುರಿನಿಂದ ಏನನ್ನೂ ಬಡಿಯಲಿಲ್ಲ. ಧ್ವನಿವರ್ಧಕದಿಂದ ಒಂದು ಸಣ್ಣ, ಸುಸ್ತಾದ ದನಿ ಬಂತು.

"ಸೂಜಿ ಹಾಕಿಸ್ಕೊಂಡ್ರೆ ರೋಗ ಬರೋದೇ ಇಲ್ವಾ ಅಂದ್ರೆ, ಬರಬಹುದು ಅಮ್ಮ. ಅವ್ರ ಭಾಮೈದಂಗೆ ಬಂದಿದ್ದು ನಿಜ. ಆದ್ರೆ ಮನೇಲೇ ಮಲಗಿ ಎದ್ದ. ಆಸ್ಪತ್ರೆವರೆಗೂ ಹೋಗೋ ಹಾಗೆ ಆಗೋದು ಕಮ್ಮಿ ಆಗುತ್ತೆ ಅಂತಿದಾರೆ. ಎಷ್ಟು ದಿನ ಕಾಪಾಡುತ್ತೆ ಅಂತ ಕೇಳ್ಬೇಡ. ನಂಗೂ ಗೊತ್ತಿಲ್ಲ, ಅವ್ರಿಗೂ ಪೂರ್ತಿ ಗೊತ್ತಿಲ್ಲ."

ಮೈದಾನದಲ್ಲಿ ತಲೆಗಳು ಒಂದೊಂದಾಗಿ ಹಿಂದೆ ತಿರುಗತೊಡಗಿದವು. ಡಾಕ್ಟರು ಬಾಯಿ ತೆರೆದವರು ಹಾಗೇ ನಿಂತರು.

"ಮತ್ತೆ ಬೆಳಿಗ್ಗೆಯಿಂದ ಸಂಜೆವರೆಗೂ ಸಂಪೂರ್ಣ ನಂಬಿಕೆಗೆ ಅರ್ಹ ಅಂತ ಕೂಗ್ತೀಯ?" ಅತ್ತೆಯ ದನಿಯೂ ಈಗ ಊರಿಗೆಲ್ಲ ಕೇಳಿಸುತ್ತಿತ್ತು.

"ಬರ್ಕೊಟ್ಟಿದ್ನ ಓದ್ತೀನಿ. ಅದು ಬಿಡು. ಇವ್ಳು ವಾರ್ಡಿಂದ ಬಂದೋಳು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಕೊಂಡು ಅಳ್ತಾಳೆ. ದಿನಾ. ನೀರಿನ ಸದ್ದಲ್ಲಿ ಗೊತ್ತಾಗಲ್ಲ ಅಂದ್ಕೊಂಡಿದಾಳೆ. ನಾನು ಹೊರಗೆ ಬಾಗಿಲ ಹತ್ರ ನಿಂತಿರ್ತೀನಿ. ಏನು ಹೇಳ್ಬೇಕು ಅಂತ ತೋಚಲ್ಲ. ಊರಿಗೆಲ್ಲ ಹೇಳ್ತೀನಿ, ಅವ್ಳಿಗೆ ಹೇಳೋಕೆ ಒಂದು ಮಾತು ಬರಲ್ಲ."

ಗುಂಡಿ ಒತ್ತಬೇಕು ಎಂದು ಈಗ ನನಗೆ ಅನ್ನಿಸಿತು. ಆದರೆ ನನ್ನನ್ನು ಯಾರೂ ನೋಡಬಾರದು ಎಂದು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡೆ.

"ನಾಳೆ ನಿಂಗೆ ಉಸಿರು ಕಟ್ಟಿದ್ರೆ ಇವ್ಳ ಹತ್ರಾನೇ ಕರ್ಕೊಂಡು ಹೋಗ್ಬೇಕು" ಎಂದು ಇವರು ಮುಂದುವರಿಸಿದರು. "ಜಾಗ ಕೊಡು ಅಂತ ಕೇಳ್ಬೇಕು. ಇವ್ಳು ಯಾರನ್ನ ಎಬ್ಬಿಸಿ ನಿನ್ನ ಮಲಗಿಸ್ತಾಳೆ? ಹೇಳು. ಆ ಪರಿಸ್ಥಿತೀನ ಇವ್ಳಿಗೆ ತರೋದು ಬೇಡ ಅಮ್ಮ. ನಂಗೆ ಭಯ ಆಗುತ್ತೆ."

ಅತ್ತೆ ಮಗನ ಮುಖವನ್ನೇ ನೋಡಿದರು. "ಇದನ್ನ ಯಾರು ಹೇಳಿಸಿದ್ರು ನಿನ್ನ ಹತ್ರ?"

"ಯಾರೂ ಇಲ್ಲ."

"ಯಾರೂ ಬರ್ಕೊಡ್ಲಿಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ಹಾಕಿಸ್ಕೋತೀನಿ. 'ಗೊತ್ತಿಲ್ಲ' ಅನ್ನೋ ಮಾತು ನಿನ್ನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಬಾಡಿಗೆ ಮಾತಲ್ಲಿ ಅದು ಬರಲ್ಲ." ಅತ್ತೆ ಸುತ್ತ ನೋಡಿ, "ಅಲ್ಲ ಕಣೋ, ಇವ್ರೆಲ್ಲ ಡಾಕ್ಟ್ರನ್ನ ಬಿಟ್ಟು ನಮ್ಮನ್ಯಾಕೆ ನೋಡ್ತಿದಾರೆ?" ಎಂದರು. ಆ ಪ್ರಶ್ನೆ ಎರಡೂ ಧ್ವನಿವರ್ಧಕಗಳಿಂದ ಹೊರಟು, ಶಾಲೆಯ ಗೋಡೆಗೆ ಬಡಿದು, ಮತ್ತೊಮ್ಮೆ ಅವರ ಕಿವಿಗೇ ಬಂದು ಬಿತ್ತು.

ಇವರು ಕೆಂಪು ದೀಪ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಗ ಅವರ ಮುಖ ಆ ದೀಪಕ್ಕಿಂತ ಕೆಂಪಾಗಿತ್ತು. ಮೈದಾನ ಬಿದ್ದು ಬಿದ್ದು ನಗುತ್ತಿತ್ತು. ನಗುತ್ತಿದ್ದವರಲ್ಲಿ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದದ್ದೂ ನನಗೆ ಕಾಣಿಸಿತು.

ಪಾತ್ರೆ ಅಂಗಡಿಯವರು ವೇದಿಕೆಯಿಂದ, "ಮೈಕಣ್ಣ, ಸೂಜಿ ವಿಷಯ ನೀನು ಮುಗಿಸಿದ ಹಾಗಾಯ್ತು. ನನ್ನ ಭಾಮೈದ ಮನೇಲೇ ಮಲಗಿ ಎದ್ದಿದ್ದು ನಿಜ, ಅದನ್ನ ನಾನು ಹೇಳ್ಲಿಲ್ಲ, ಒಪ್ಕೋತೀನಿ. ಆದ್ರೆ ನನ್ನ ಅಂಗಡಿ ಬೀಗದ ವಿಷಯ ಇನ್ನೂ ಮುಗಿದಿಲ್ಲ" ಎಂದರು. ಅದೂ ನ್ಯಾಯವೇ. ಡಾಕ್ಟರು ಶೇಕಡಾವಾರನ್ನು ಬದಿಗಿಟ್ಟು, ವಾರ್ಡಿನಲ್ಲಿ ಎಷ್ಟು ಜನ ನೆಲದ ಮೇಲಿದ್ದಾರೆ, ಎಷ್ಟು ನರ್ಸುಗಳು ಕಾಯಿಲೆ ಬಿದ್ದಿದ್ದಾರೆ ಎಂದು ಗೊತ್ತಿದ್ದಷ್ಟನ್ನು ನೇರವಾಗಿ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಕತ್ತಲಾಗುವುದರೊಳಗೆ ಅಂಗಡಿಗಳು ಸರದಿಯ ಮೇಲೆ ತೆರೆಯಬಹುದು, ಒಳಗೆ ಒಬ್ಬೊಬ್ಬರೇ ಹೋಗಬೇಕು ಎಂದು ತೀರ್ಮಾನವಾಯಿತು. ಬಾಣಲೆ ಬಡಿದು ನೋಡುವುದಕ್ಕೆ ಏನೂ ಅಡ್ಡಿಯಿಲ್ಲ ಎಂದೂ ಪುರಸಭೆಯವರು ಸೇರಿಸಿದರು.

ಮಾರನೆಯ ದಿನ ಅತ್ತೆ ಆಸ್ಪತ್ರೆಗೆ ಬಂದರು. ಅವರ ಹಿಂದೆ ಸಾಲು ಗೇಟಿನವರೆಗೂ ಇತ್ತು. ಬೇರೆ ಯಾರೂ ಬೇಡ, ಸೊಸೆಯೇ ಹಾಕಬೇಕು ಎಂದು ಹಟ ಹಿಡಿದರು. ಹಾಕಿದೆ. "ಇಷ್ಟೇನಾ?" ಎಂದರು. ಎದ್ದು ನಿಂತು ಬಾಗಿಲ ಕಡೆಗೆ ತಿರುಗಿ, "ಮುಂದಿನೋರು ಬನ್ನಿ, ಒಬ್ಬೊಬ್ಬರಾಗಿ ಬನ್ನಿ" ಎಂದು ಕೂಗಿದರು. ಮೈಕಿಲ್ಲದೆಯೇ ಅದು ಗೇಟಿಗೆ ಕೇಳಿಸಿತು. ನನ್ನ ಗಂಡನ ಗಂಟಲು ಯಾವ ಕಡೆಯಿಂದ ಬಂದದ್ದು ಎಂದು ಆವತ್ತು ಗೊತ್ತಾಯಿತು.

ಹೋಗುವ ಮುಂಚೆ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. ಈ ಸಲ ದನಿ ನನಗೊಬ್ಬಳಿಗೇ ಕೇಳಿಸುವಷ್ಟಿತ್ತು.

"ಬಚ್ಚಲಲ್ಲಿ ಅಳ್ಬೇಡ. ನೀರು ದಂಡ. ಅಡುಗೆಮನೆಗೆ ಬಾ, ನಾನಿರ್ತೀನಿ."

ಸಂಜೆ ಮನೆಗೆ ಬಂದು, ಸ್ನಾನ ಮುಗಿಸಿ ಅಡುಗೆಮನೆಗೆ ಹೋದೆ. ಬಾಗಿಲಲ್ಲಿ ಇವರು ನಿಂತಿದ್ದರು. ಏನೋ ಹೇಳಲು ಹೋಗಿ ಗಂಟಲು ಸರಿಮಾಡಿಕೊಂಡರು. ನಾನು ಚಾವಣಿಯ ಕಡೆ ಬೆರಳು ತೋರಿಸಿದೆ. ಇವರು ನನ್ನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಹೋಗಿ ತೊಳೆದಿಟ್ಟರು. ಅತ್ತೆ ನೆಲದ ಮೇಲೆ ಕೂತು, ತೋಳು ಸ್ವಲ್ಪ ಭಾರ ಎನ್ನುತ್ತಲೇ ಒಂದು ಬುಟ್ಟಿ ಈರುಳ್ಳಿ ಹೆಚ್ಚುತ್ತಿದ್ದರು. ಆಗಲೇ ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು.

"ನಾನು ಶುರು ಮಾಡಿದೀನಿ, ಕೂತ್ಕೋ" ಎಂದರು.

ನಾನು ಪಕ್ಕದಲ್ಲಿ ಕೂತೆ.